ಕಿಂಗ್‌ಡಮ್ ಕಮ್ ಡೆಲಿವರೆನ್ಸ್ 2: ಕುಲುಮೆ ಕೆಲಸಕ್ಕೋಸ್ಕರವೇ ಆಡ್ಬೇಕಾದ ಗೇಮ್

ಮೊದಲೇ ಹೇಳಿಬಿಡ್ತೇನೆ, ಕಮ್ಮಾರಿಕೆಯನ್ನು ಇಷ್ಟು ಸರಿಯಾಗಿ ತೋರಿಸಿದ ಗೇಮ್ ನಾನು ಬೇರೆ ಆಡ್ಲಿಲ್ಲ. ಈ ಗೇಮಿನ ಬಗ್ಗೆ ಮಾತಾಡುವವರೆಲ್ಲ ಕಥೆ ಹಾಗುಂಟು, ಕತ್ತಿವರಸೆ ಹೀಗುಂಟು, ಕಾಡು ನೋಡ್ಲಿಕ್ಕೆ ಎಷ್ಟು ಚಂದ ಅಂತೆಲ್ಲ ಹೇಳ್ತಾರೆ, ಅದೆಲ್ಲ ನಿಜವೇ, ಆದ್ರೆ ಕುಲುಮೆ ಎದುರು ನಿಂತು ಕಬ್ಬಿಣ ಕಾಯಿಸಿ ಬಡಿದು ಕತ್ತಿ ಮಾಡುದುಂಟಲ್ಲ, ಅದನ್ನು ಎರಡು ಸಾಲಲ್ಲಿ ಮುಗಿಸಿಬಿಡ್ತಾರೆ. ನನಗೆ ಅದೇ ಈ ಗೇಮಿನ ಜೀವ ಅಂತ ಕಾಣುದು. ಹಾಗಾಗಿ ಇಲ್ಲಿ ಅದನ್ನೇ ಬರಿತೇನೆ, ಉಳಿದದ್ದು ಬೇಕಾದಷ್ಟು ಮಾತ್ರ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದು ಮಾಡಿದ್ದು ಚೆಕ್ ದೇಶದ ವಾರ್‌ಹಾರ್ಸ್ ಸ್ಟುಡಿಯೋಸ್, ಬಂದದ್ದು 2025 ಫೆಬ್ರವರಿ 4ಕ್ಕೆ, ಪಿಸಿ, ಪಿಎಸ್ 5, ಎಕ್ಸ್‌ಬಾಕ್ಸ್ ಸೀರೀಸ್ ಮೂರರಲ್ಲೂ ಉಂಟು. ಕಥೆ ನಡೆಯುದು 1403ರಲ್ಲಿ, ಬೊಹೀಮಿಯಾ ಅಂದ್ರೆ ಈಗಿನ ಚೆಕ್ ದೇಶದ ಭಾಗ. ರಾಜ ವೆನ್ಸೆಸ್ಲಾಸನನ್ನು ಅವನ ತಮ್ಮ ಹಂಗೇರಿಯ ಸಿಗಿಸ್ಮಂಡನೇ ಹಿಡಿದು ಬಂಧನದಲ್ಲಿ ಇಟ್ಟ ಸಮಯ. ಮ್ಯಾಜಿಕ್ ಇಲ್ಲ, ಡ್ರ್ಯಾಗನ್ ಇಲ್ಲ. ನಮ್ಮ ಹೀರೋ ಹೆನ್ರಿ ಸ್ಕಾಲಿಟ್ಸ್ ಅಂತ ಒಂದು ಊರಿನ ಕಮ್ಮಾರ ಮಾರ್ಟಿನನ ಮಗ, ಸಿಗಿಸ್ಮಂಡನ ಸೈನ್ಯ ಬಂದು ಊರು ಸುಟ್ಟು ಹಾಕ್ತದೆ, ಅಪ್ಪ ಅಮ್ಮ ಇಬ್ಬರೂ ಹೋಗ್ತಾರೆ, ಅಪ್ಪ ಕೊನೆಗೆ ಮಾಡಿದ ಒಂದು ಕತ್ತಿ ಉಳಿತದೆ, ಅದೂ ಕಳ್ಳರ ಪಾಲಾಗ್ತದೆ. ಅದು 2018ರಲ್ಲಿ ಬಂದ ಮೊದಲನೇ ಗೇಮಿನ ಕಥೆ. ನೋಡಿ, ಕಮ್ಮಾರನ ಮಗನ ಕಥೆ, ಇಡೀ ಗೇಮ್ ಒಂದು ಕತ್ತಿಯ ಹಿಂದೆ ಹೋಗುದು, ಆದ್ರೆ ಅದರಲ್ಲಿ ಹೆನ್ರಿಗೆ ಕತ್ತಿ ಮಾಡ್ಲಿಕ್ಕೆ ಸಿಗುದೇ ಇಲ್ಲ! ಸಾಣೆ ಕಲ್ಲಲ್ಲಿ ಮಸೆಯುದು ಮಾತ್ರ. ಎರಡನೆಯದರಲ್ಲಿ ಆ ಸಾಲ ತೀರಿಸಿದ್ದಾರೆ.

ಬೇರೆ ಗೇಮುಗಳಲ್ಲಿ ಆಯುಧ ಮಾಡುದು ಅಂದ್ರೆ ಎಂತ ಅಂತ ಆಡುವವರಿಗೆಲ್ಲ ಗೊತ್ತುಂಟು. ಮೈನ್‌ಕ್ರಾಫ್ಟಲ್ಲಿ ಎರಡು ಕಬ್ಬಿಣದ ಗಟ್ಟಿ, ಒಂದು ಕೋಲು ಇಟ್ರೆ ಕತ್ತಿ ಆಯ್ತು. ಸ್ಕೈರಿಮಲ್ಲಿ ಒಂದು ಗಟ್ಟಿ ಕಬ್ಬಿಣ, ಒಂದು ಚರ್ಮದ ಪಟ್ಟಿ, ಬಟನ್ ಒತ್ತಿದ್ರೆ ಬಾಕು ರೆಡಿ, ಅದನ್ನೇ ರಾಶಿ ರಾಶಿ ಮಾಡಿ ಸ್ಕಿಲ್ ಏರಿಸುದು ಒಂದು ಕಾಲದಲ್ಲಿ ಎಲ್ಲರೂ ಮಾಡಿದ್ದೇ. ಆ ಗೇಮುಗಳು ಕೆಟ್ಟದ್ದು ಅಂತ ಅಲ್ಲ, ಅವುಗಳ ಉದ್ದೇಶ ಬೇರೆ. ಆದ್ರೆ ಅಲ್ಲಿ ನೀವು ಕಲಿಯುದು ಮೆನುವನ್ನು, ಕೆಲಸವನ್ನಲ್ಲ. ಕಬ್ಬಿಣ ಬಿಸಿ ಉಂಟಾ ತಣಿದಿದಾ ಅಂತ ಅಲ್ಲಿ ಯಾರಿಗೂ ಚಿಂತೆ ಇಲ್ಲ.

ಇಲ್ಲಿ ಹೇಗೆ ಅಂದ್ರೆ, ಕತ್ತಿಯ ನಕ್ಷೆ ನಿಮ್ಮ ಹತ್ರ ಇರ್ಬೇಕು, ಅದನ್ನು ಕಮ್ಮಾರರ ಹತ್ರ, ಆಯುಧದ ಅಂಗಡಿಯವರ ಹತ್ರ ದುಡ್ಡು ಕೊಟ್ಟು ತೆಗೊಳ್ಬೇಕು ಅಥವಾ ಎಲ್ಲಿಯಾದ್ರೂ ಹುಡುಕಿ ಸಿಗ್ಬೇಕು. ಕಬ್ಬಿಣ, ಹಿಡಿ, ಚರ್ಮ ಇತ್ಯಾದಿ ಸಾಮಾನು ಕೂಡಿಸ್ಬೇಕು. ಮತ್ತೆ ಕೆಲಸ ಶುರು. ಇಕ್ಕುಳದಲ್ಲಿ ಹಿಡಿದು ಕಬ್ಬಿಣವನ್ನು ಬೆಂಕಿಗೆ ಇಡುದು, ತಿದಿ ಒತ್ತುದು. ತಿದಿ ಒತ್ತಿದ ಹಾಗೆ ಬೆಂಕಿ ಉರಿತದೆ, ಕಬ್ಬಿಣ ಕಪ್ಪಿಂದ ಕೆಂಪಿಗೆ, ಕೆಂಪಿಂದ ಕಿತ್ತಳೆಗೆ, ಮತ್ತೆ ಹಳದಿಗೆ ತಿರುಗ್ತದೆ. ಸ್ಕ್ರೀನಲ್ಲಿ ಇಷ್ಟು ಡಿಗ್ರಿ ಆಯ್ತು ಅಂತ ಮೀಟರ್ ಎಂತದೂ ಬರುದಿಲ್ಲ, ಕಣ್ಣಲ್ಲೇ ನೋಡ್ಬೇಕು. ತೆಗೆದು ಅಡಿಗಲ್ಲಿನ ಮೇಲೆ ಇಟ್ಟು ಸುತ್ತಿಗೆಯಲ್ಲಿ ಬಡಿಯುದು, ಪೆಟ್ಟು ಎಲ್ಲಿ ಬೀಳ್ಬೇಕು ಅಂತ ನೀವೇ ತೀರ್ಮಾನ ಮಾಡುದು, ಉದ್ದಕ್ಕೂ ಸಮಾ ಬಡ್ಕೊಂಡು ಹೋಗ್ಬೇಕು, ಮಗುಚಿ ಹಾಕಿ ಆ ಕಡೆಯೂ ಬಡಿಬೇಕು. ಬಣ್ಣ ಇಳಿದ ಮೇಲೆ ಎಷ್ಟು ಬಡಿದ್ರೂ ಪ್ರಯೋಜನ ಇಲ್ಲ, ವಾಪಸ್ ಬೆಂಕಿಗೆ. ಹೀಗೆ ಬೆಂಕಿ, ಅಡಿಗಲ್ಲು, ಬೆಂಕಿ, ಅಡಿಗಲ್ಲು ಅಂತ ತಿರುಗ್ತಾ ತಿರುಗ್ತಾ ಒಂದು ತುಂಡು ಕಬ್ಬಿಣ ನಿಮ್ಮ ಕಣ್ಣೆದುರೇ ಅಲಗು ಆಗ್ತದೆ. ಕೊನೆಗೆ ಇನ್ನೊಂದು ಸಲ ಕಾಯಿಸಿ ಸೀದಾ ತೊಟ್ಟಿಗೆ ಅದ್ದುದು, ಬುಸ್ ಅಂತ ಆವಿ.

ಒಂದು ವಿಷಯ ನನಗೆ ತುಂಬಾ ಅಂದ್ರೆ ತುಂಬಾ ಇಷ್ಟ ಆದದ್ದು. ಪೆಟ್ಟು ಒಂದೇ ಲಯದಲ್ಲಿ ಸರಿಯಾಗಿ ಬೀಳ್ತಾ ಇದ್ರೆ ಹೆನ್ರಿ ಶಿಳ್ಳೆ ಹಾಕ್ಲಿಕ್ಕೆ ಶುರು ಮಾಡ್ತಾನೆ, ಕಿಡಿ ಚೆನ್ನಾಗಿ ಹಾರ್ತದೆ. ಅವನ ಶಿಳ್ಳೆಯೇ ನಿಮಗೆ ತಾಳ. ಲಯ ತಪ್ಪಿದ್ರೆ ಶಿಳ್ಳೆ ನಿಲ್ತದೆ. ಸರಿ, ತಪ್ಪು ಅಂತ ಬರೆದು ತೋರಿಸುವ ಬದಲು ಕೆಲಸ ಮಾಡುವವನ ಖುಷಿಯಿಂದಲೇ ಅದನ್ನು ಗೊತ್ತು ಮಾಡಿಸಿದ್ದುಂಟಲ್ಲ, ಆ ಯೋಚನೆ ಬಂದವರಿಗೆ ಕೈ ಮುಗಿಬೇಕು. ಹೆಡ್‌ಫೋನ್ ಹಾಕಿ ಆಡಿ, ಇಲ್ಲದಿದ್ರೆ ಇದರ ಅರ್ಧ ರುಚಿ ಹೋಯ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ನಮ್ಮದು ಕಾಸರಗೋಡಿನ ಪೆರ್ಲ ಹತ್ರ, ಅಡಿಕೆ ತೋಟ ಇರುವ ಊರು, ಕತ್ತಿ, ಹಾರೆ, ಪಿಕ್ಕಾಸು ಇಲ್ಲದೆ ಒಂದು ದಿನವೂ ಆಗುದಿಲ್ಲ. ಪೇಟೆಯಲ್ಲಿ ಫ್ಯಾಕ್ಟರಿ ಕತ್ತಿ ಸಿಗ್ತದೆ, ಆದ್ರೆ ತೋಟದ ಕೆಲಸ ಗೊತ್ತಿದ್ದವರು ಈಗಲೂ ಆಚಾರಿಗಳ, ಅಂದ್ರೆ ಊರಿನ ಕಮ್ಮಾರರ ಹತ್ರವೇ ಹೇಳಿ ಮಾಡಿಸುದು, ಲಾರಿಯ ಹಳೆ ಲೀಫ್ ಪ್ಲೇಟು (ಸ್ಪ್ರಿಂಗ್ ಪಟ್ಟಿ) ತೆಗೊಂಡು ಹೋಗಿ ಕೊಟ್ರೆ ಅದರಲ್ಲಿ ಮಾಡಿ ಕೊಡ್ತಾರೆ, ಅದರ ಬಾಯಿ, ಅಂದ್ರೆ ಹರಿತದ ಅಂಚು ನಿಲ್ಲುದೇ ಬೇರೆ. ನಮ್ಮ ಮನೆಗೆ ಕತ್ತಿ ಮಾಡಿ ಕೊಡುವ ಹಿರಿಯ ಆಚಾರಿಯವರು ಒಮ್ಮೆ ಮನೆಗೆ ಬಂದಿದ್ರು, ಆಗ ನಾನು ಈ ಗೇಮ್ ಹಾಕಿ ತೋರಿಸಿದೆ. ಗೇಮ್ ಚಂದ ಉಂಟಾ ಅಂತ ಕೇಳ್ಲಿಕ್ಕೆ ಅಲ್ಲ, ಕೆಲಸ ಸರಿ ಉಂಟಾ ಅಂತ ಕೇಳ್ಲಿಕ್ಕೆ. ಅವರು ಮಾತಾಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರಿತೇನೆ.

ಚಾ ಕುಡಿತಾ ಸುಮ್ಮನೆ ನೋಡ್ತಾ ಕೂತಿದ್ರು. ಹೆನ್ರಿ ಕಬ್ಬಿಣ ಬೆಂಕಿಯಿಂದ ತೆಗೆದ ಕೂಡ್ಲೇ, "ಹಾಂ, ಹಣ್ಣಡಿಕೆ ಬಣ್ಣ, ಈಗಲೇ ತೆಗಿಬೇಕು, ಸರಿ ಉಂಟು" ಅಂದ್ರು. ನನಗೆ ಖುಷಿಯೋ ಖುಷಿ. ಆ ಕಿತ್ತಳೆ ಬಣ್ಣ ಅಂದ್ರೆ ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್, ಅದರಲ್ಲಿ ಉಕ್ಕು ಸುತ್ತಿಗೆಗೆ ಚೆನ್ನಾಗಿ ಬಗ್ಗುದು. ಕಡುಗೆಂಪಿಗೆ ಇಳಿದ ಮೇಲೆ ಜೋರು ಬಡಿದ್ರೆ ಒಳಗೊಳಗೆ ಬಿರುಕು ಬಿಡುವ ಅಪಾಯ, ಹಳದಿ ದಾಟಿ ಬಿಳಿ ಆಗಿ ಕಿಡಿ ಕಾರ್ಲಿಕ್ಕೆ ಶುರುವಾದ್ರೆ ಉಕ್ಕು ಸುಟ್ಟು ಹಾಳು. ಥರ್ಮಾಮೀಟರ್ ಇಲ್ಲದ ಕಾಲದಿಂದ ಲೋಕದ ಎಲ್ಲಾ ಕಮ್ಮಾರರೂ ಬಣ್ಣ ನೋಡಿಯೇ ಕೆಲಸ ಮಾಡಿದ್ದು, ಬೊಹೀಮಿಯಾದವನೂ ಅಷ್ಟೇ, ನಮ್ಮವರೂ ಅಷ್ಟೇ.

ಮತ್ತೆ ಅವರು ಕೇಳಿದ ಪ್ರಶ್ನೆ ನಾನು ಯಾವ ರಿವ್ಯೂನಲ್ಲೂ ನೋಡ್ಲಿಲ್ಲ. "ಇವ ಇಷ್ಟು ಬೆಳಕಲ್ಲಿ ಯಾಕೆ ಮಾಡುದು? ಬಣ್ಣ ಹೇಗೆ ಗೊತ್ತಾಗುದು?" ಗೇಮಲ್ಲಿ ಕುಲುಮೆ ಇರುದು ತೆರೆದ ಮಾಡಿನ ಕೆಳಗೆ, ಹಗಲು ಬೆಳಕು ಧಾರಾಳ. ಆಚಾರಿಯವರ ಕುಲುಮೆಯ ಕೊಟ್ಟಿಗೆ ನೋಡಿದವರಿಗೆ ಗೊತ್ತು, ಒಳಗೆ ಕತ್ತಲೆ ಕತ್ತಲೆ ಇರ್ತದೆ, ಕಿಟಕಿಗೆ ಗೋಣಿ ಕಟ್ಟಿರ್ತಾರೆ. ಅದು ಬಡತನಕ್ಕೆ ಅಲ್ಲ, ಕೆಂಪಿನ ಸೂಕ್ಷ್ಮ ವ್ಯತ್ಯಾಸ ಕಾಣ್ಬೇಕಾದ್ರೆ ನೆರಳು ಬೇಕೇ ಬೇಕು. ಇದು ಗೊತ್ತಾದ ಮೇಲೆ ನಾನು ಗೇಮಲ್ಲೂ ಸಂಜೆ ಆದ ಮೇಲೆಯೇ ಕುಲುಮೆಗೆ ಹೋಗುದು. ಬಣ್ಣ ಎಷ್ಟು ಸ್ಪಷ್ಟ ಕಾಣ್ತದೆ ಅಂದ್ರೆ ಕೆಲಸವೇ ಸುಲಭ ಆಗ್ತದೆ, ಆಡುವವರು ಇದೊಂದು ಮಾಡಿ ನೋಡಿ.

ತೊಟ್ಟಿಗೆ ಅದ್ದಿ ಕತ್ತಿ ಆಯ್ತು ಅಂತ ಗೇಮ್ ತೋರಿಸಿದಾಗ ಆಚಾರಿಯವರು ಚಾದ ಲೋಟ ಕೆಳಗೆ ಇಟ್ರು. "ಮುಗಿತಾ? ಮತ್ತೆ ಹದ ತೆಗೆಯುದು ಯಾವಾಗ? ಇದನ್ನು ಮರಕ್ಕೆ ಹೊಡೆದ್ರೆ ತುಂಡಾಗಿ ಬೀಳ್ತದೆ." ನೂರಕ್ಕೆ ನೂರು ಸರಿ ಮಾತು. ಕೆಂಪಗೆ ಕಾದ ಉಕ್ಕನ್ನು ಒಮ್ಮೆಲೇ ತಣಿಸಿದ್ರೆ ಅದು ಗಟ್ಟಿ ಆಗ್ತದೆ, ಎಷ್ಟು ಗಟ್ಟಿ ಅಂದ್ರೆ ಗಾಜಿನ ಜಾತಿಗೆ ಹೋಗ್ತದೆ, ಪೆಟ್ಟು ತಡಿಯುದಿಲ್ಲ. ಅದಕ್ಕೆ ಮತ್ತೆ ಸಣ್ಣಕ್ಕೆ ಬಿಸಿ ಮಾಡ್ಬೇಕು, 200ರಿಂದ 300 ಡಿಗ್ರಿ ಒಳಗೆ. ಉಜ್ಜಿ ಹೊಳಪು ಮಾಡಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಹಳದಿ ಬರ್ತದೆ, ಮತ್ತೆ ಕಂದು, ನೇರಳೆ, ನೀಲಿ ಅಂತ ಬಣ್ಣ ಓಡ್ತದೆ, ಯಾವ ಬಣ್ಣದಲ್ಲಿ ನಿಲ್ಲಿಸ್ಬೇಕು ಅನ್ನುದು ಎಂತ ಆಯುಧ ಅನ್ನುದರ ಮೇಲೆ. ಆಚಾರಿಯವರ ಕ್ರಮ ಇನ್ನೂ ಚಂದ. ಅವರು ಇಡೀ ಕತ್ತಿ ಅದ್ದುದಿಲ್ಲ, ಬಾಯಿಯನ್ನು ಮಾತ್ರ ಅದ್ದಿ ತೆಗಿತಾರೆ, ಬೆನ್ನಲ್ಲಿ ಉಳಿದ ಬಿಸಿ ನಿಧಾನಕ್ಕೆ ಬಾಯಿಗೆ ಇಳಿತದೆ, ಬೇಕಾದ ಬಣ್ಣ ಬಾಯಿಗೆ ಬಂದ ಕ್ಷಣ ಮತ್ತೊಮ್ಮೆ ಅದ್ದಿ ನಿಲ್ಲಿಸ್ತಾರೆ. ಬಾಯಿ ಗಟ್ಟಿ, ಬೆನ್ನು ಮೆತ್ತಗೆ. ಇದರಲ್ಲೇ ಕತ್ತಿಯ ಆಯುಷ್ಯ ಇರುದು.

ಈ ಒಂದು ಹಂತ ಗೇಮಲ್ಲಿ ಇಲ್ಲದ್ದು ನನಗೆ ದೊಡ್ಡ ಕೊರತೆ ಅಂತಲೇ ಕಾಣುದು. ಅವರಿಗೆ ಬಣ್ಣ ನೋಡುವ ಆಟ ಹೇಗೂ ರೆಡಿ ಉಂಟಲ್ಲ, ಅದೇ ಆಟವನ್ನು ಇನ್ನೊಮ್ಮೆ ಸಣ್ಣ ಬೆಂಕಿಯಲ್ಲಿ ಆಡಿಸಿದ್ರೆ ಆಗ್ತಿತ್ತು, ಹಳದಿಯಲ್ಲಿ ನಿಲ್ಲಿಸಿದ್ರೆ ಹರಿತ ಜಾಸ್ತಿ ಆದ್ರೆ ಬೇಗ ಮುರಿಯುದು, ನೀಲಿಯಲ್ಲಿ ನಿಲ್ಲಿಸಿದ್ರೆ ಬಾಳಿಕೆ ಜಾಸ್ತಿ ಹರಿತ ಕಮ್ಮಿ, ಹೀಗೆ ಆಡುವವನಿಗೇ ಆಯ್ಕೆ ಕೊಟ್ಟಿದ್ರೆ ಎಷ್ಟು ಚಂದ ಇರ್ತಿತ್ತು. ಈಗ ಏನು ಅಂದ್ರೆ ಚೆನ್ನಾಗಿ ಬಡಿದ್ರೆ ಒಳ್ಳೆ ದರ್ಜೆ, ಸುಮಾರು ಬಡಿದ್ರೆ ಕಮ್ಮಿ ದರ್ಜೆ, ಅಷ್ಟೇ. ಆಯ್ಕೆ ಅಂತ ಇಲ್ಲ. ಅಲಗಿನ ಆಕಾರವೂ ನಕ್ಷೆಯಲ್ಲಿ ಇದ್ದದ್ದೇ, ಸ್ವಲ್ಪ ಅಗಲ ಮಾಡ್ತೇನೆ, ಉದ್ದ ಕಮ್ಮಿ ಮಾಡ್ತೇನೆ ಅಂದ್ರೆ ಆಗುದಿಲ್ಲ.

ಇನ್ನೊಂದು ಅವರು ಹೇಳಿದ್ದು, "ಇವನಿಗೆ ಜೊತೆಗೆ ಬಡಿಲಿಕ್ಕೆ ಜನ ಇಲ್ವಾ, ಪಾಪ." ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಒಬ್ಬರು ಇಕ್ಕುಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಲ್ಲಿ ಜಾಗ ತೋರಿಸುದು, ಎದುರು ನಿಂತವರು ದೊಡ್ಡ ಸುತ್ತಿಗೆಯಲ್ಲಿ ಅಲ್ಲಿಗೇ ಹೊಡಿಯುದು. ಮಾತಿಲ್ಲ, ಎಲ್ಲ ಸುತ್ತಿಗೆಯ ಸದ್ದಲ್ಲೇ ನಡಿತದೆ. ಯುರೋಪಿನ ಹಳೆ ಕುಲುಮೆಗಳಲ್ಲೂ ಹಾಗೇ ಇತ್ತು, ಉದ್ದ ಕತ್ತಿಯನ್ನು ಒಬ್ಬನೇ ಬಡಿದು ಮಾಡುದು ಕಷ್ಟದ ಕೆಲಸ. ಹೆನ್ರಿ ಎಲ್ಲವನ್ನೂ ಒಬ್ಬನೇ ಮಾಡ್ತಾನೆ. ಆಡುವವ ಒಬ್ಬನೇ ಆದ ಕಾರಣ ಇದನ್ನು ನಾನು ತಪ್ಪು ಅಂತ ಹೇಳುದಿಲ್ಲ.

ಕೆಲಸ ಕಲಿಯುದು ಎಲ್ಲಿ ಅಂತ ಕೇಳುವವರಿಗೆ: ಕಥೆಯ ಶುರುವಿನಲ್ಲೇ ಟ್ರಾಸ್ಕಿ ಕೋಟೆಯ ಆಸುಪಾಸಿನಲ್ಲಿ ಒಂದು ಮದುವೆಗೆ ಹೋಗ್ಲಿಕ್ಕೆ ದಾರಿ ಹುಡುಕ್ಬೇಕಾಗ್ತದೆ, ಅದಕ್ಕೆ ಟಾಖೋವ್ ಊರಿನ ಕಮ್ಮಾರ ರಾಡೊವಾನನ ಹತ್ರ ಹೋಗ್ಬಹುದು ಅಥವಾ ಮಿಲ್ಲಿನವನ ಹತ್ರ ಹೋಗ್ಬಹುದು. ಕಣ್ಣು ಮುಚ್ಚಿ ರಾಡೊವಾನನ ಹತ್ರ ಹೋಗಿ. ಅವ ಹೆನ್ರಿಗೆ ನಿಂತು ಕಲಿಸ್ತಾನೆ, ಕೆಲಸ ಕೊಡ್ತಾನೆ, ಮಲಗ್ಲಿಕ್ಕೆ ಜಾಗವೂ ಸಿಗ್ತದೆ, ಈ ಗೇಮಲ್ಲಿ ಅದು ಸಣ್ಣ ವಿಷಯ ಅಲ್ಲ. ಮಿಲ್ಲಿನವನ ಕೆಲಸ ಬೇಕಾದ್ರೆ ಅದನ್ನೂ ಮದುವೆಗೆ ಮೊದಲು ಮಾಡ್ಬಹುದು, ಒಂದು ಆರಿಸಿದ್ರೆ ಇನ್ನೊಂದು ಹೋಯ್ತು ಅಂತ ಇಲ್ಲ. ರಾಡೊವಾನನ ಭಾಗದಲ್ಲಿ ಹೆನ್ರಿ ಅಪ್ಪನ ನೆನಪು ಮಾಡುವ ಮಾತುಗಳುಂಟು, ಅಪ್ಪ ಬಡಿಯುದನ್ನು ನೋಡಿ ಬೆಳೆದ ಹುಡುಗ ಈಗ ತಾನೇ ಸುತ್ತಿಗೆ ಹಿಡಿಯುದು, ಮೊದಲನೇ ಗೇಮ್ ಆಡಿದವರಿಗೆ ಅಲ್ಲಿ ಕಣ್ಣು ತುಂಬಿ ಬರ್ತದೆ. ನನಗೆ ಬಂತು.

ದುಡ್ಡಿನ ವಿಷಯಕ್ಕೂ ಇದು ಒಳ್ಳೆ ದಾರಿ. ಶುರುವಿಗೆ ಹೆನ್ರಿ ಹತ್ರ ಎಂತದೂ ಇರುದಿಲ್ಲ, ಬಟ್ಟೆಗೂ ಗತಿ ಇಲ್ಲ. ಕದ್ದ ಸಾಮಾನು ಮಾರ್ಲಿಕ್ಕೆ ಹೋದ್ರೆ ಸಿಕ್ಕಿ ಬೀಳುವ ಹೆದರಿಕೆ. ಸ್ವಂತ ಮಾಡಿದ ಕತ್ತಿ ಮಾರಿದ್ರೆ ಯಾರೂ ಕೇಳ್ಲಿಕ್ಕಿಲ್ಲ, ಒಳ್ಳೆ ದರ್ಜೆಯದ್ದಾದ್ರೆ ಗ್ರೋಶನ್ ಕೈ ತುಂಬಾ. ಗ್ರೋಶನ್ ಅಂದ್ರೆ ಅಲ್ಲಿಯ ಬೆಳ್ಳಿ ನಾಣ್ಯ, 1300ರಿಂದ ಕುಟ್ಟೆನ್‌ಬರ್ಗ್ ಊರಿನ ಗಣಿಯ ಬೆಳ್ಳಿಯಲ್ಲಿ ಟಂಕಿಸಿದ್ದು, ಗೇಮಿನ ಎರಡನೇ ಅರ್ಧ ಅದೇ ಊರಲ್ಲಿ ನಡೆಯುದು. ಒಂದು ಹಂತ ಆದ ಮೇಲೆ ದುಡ್ಡು ಜಾಸ್ತಿಯೇ ಆಗಿಬಿಡ್ತದೆ, ಅಂಗಡಿಯವರ ಹತ್ರ ನಿಮ್ಮ ಕತ್ತಿ ತೆಗೊಳ್ಳುವಷ್ಟು ಹಣ ಇರುದಿಲ್ಲ, ಆಗ ಸ್ವಲ್ಪ ಸಪ್ಪೆ ಅನ್ನಿಸ್ತದೆ. ಮೇಲಿನ ದರ್ಜೆಯ ಕತ್ತಿಗೆ ಫ್ರಾಂಕ್‌ಫರ್ಟ್ ಸ್ಟೀಲು, ಟೊಲೆಡೊ ಸ್ಟೀಲು ಬೇಕಾಗ್ತದೆ, ಅದು ಎಲ್ಲ ಕಡೆ ಸಿಗುದಿಲ್ಲ, ಕಂಡಲ್ಲಿ ತೆಗೆದು ಇಟ್ಟುಕೊಳ್ಳಿ.

ಬೇಸರ ತರುವ ಸಂಗತಿ ಅಂದ್ರೆ ಪುನರಾವರ್ತನೆ. ಕತ್ತಿ ಮಾಡಿ, ಕೊಡಲಿ ಮಾಡಿ, ಕುದುರೆ ಲಾಳ ಮಾಡಿ, ಕ್ರಮ ಹೆಚ್ಚು ಕಮ್ಮಿ ಒಂದೇ, ಉದ್ದ ಕತ್ತಿಗೆ ಹೊತ್ತು ಜಾಸ್ತಿ ಹಿಡಿತದೆ ಅಷ್ಟೇ. ಕೊಡಲಿಗೆ ಕಣ್ಣು ತೂತು ಮಾಡುದು, ಲಾಳಕ್ಕೆ ಮೊಳೆ ತೂತು ಹೊಡಿಯುದು, ಇಂಥ ಬೇರೆ ಬೇರೆ ಕೈಚಳಕ ಇಲ್ಲಿ ಬರುದಿಲ್ಲ. ಕವಚ, ಶಿರಸ್ತ್ರಾಣ ಮಾಡ್ಲಿಕ್ಕೂ ಆಗುದಿಲ್ಲ. ಕವಚದವರ ಕಸುಬು ಆ ಕಾಲದಲ್ಲಿ ಬೇರೆಯೇ ಇತ್ತು, ಹಾಗಾಗಿ ಅದು ಇಲ್ಲದ್ದು ನ್ಯಾಯವೇ ಅಂತ ನನ್ನ ಅಭಿಪ್ರಾಯ, ಕೇಳುವವರು ತುಂಬಾ ಜನ ಇದ್ದಾರೆ ಅಂತಲೂ ಗೊತ್ತುಂಟು. ಆಯುಧದ ಬಾಯಿ ಹೋದ್ರೆ ಸಾಣೆ ಕಲ್ಲಲ್ಲಿ ಮಸಿಬಹುದು, ಅಲ್ಲಿಯೂ ಕೋನ, ಒತ್ತಡ ನೋಡ್ಕೊಂಡು ಹಿಡಿಬೇಕು, ಅದು ಚೆನ್ನಾಗುಂಟು, ಆದ್ರೆ ಹೊಸದಾಗಿ ಮಾಡಿದ ಕತ್ತಿ ಸಾಣೆ ಕಾಣದೆಯೇ ಹರಿತ ಆಗಿ ಬರುದು ಮಾತ್ರ ನನಗೆ ಒಪ್ಪಿಗೆ ಆಗ್ಲಿಲ್ಲ.

ಒಂದು ಕೊಸರು ಮಾತು. ನಮ್ಮ ಕಡೆ ಕೋಲ ನೋಡಿ ಬೆಳೆದವರಿಗೆ ದೈವದ ಕೈಯ ಕಡ್ಸಲೆ ಅನ್ನುವ ಕತ್ತಿ ಗೊತ್ತುಂಟು, ಅದು ಸಹ ಇಂಥದ್ದೇ ಕುಲುಮೆಯಿಂದ ಬಂದದ್ದು. ಈ ಗೇಮ್ ಆಡಿದ ಮೇಲೆ ನಾನು ಅದನ್ನು ನೋಡುವ ಕ್ರಮವೇ ಬದಲಾಗಿದೆ, ಎಲ್ಲಿ ದಪ್ಪ ಬಿಟ್ಟಿದ್ದಾರೆ, ಹಿಡಿ ಹೇಗೆ ಕೂರಿಸಿದ್ದಾರೆ ಅಂತ ಕಣ್ಣು ಹೋಗ್ತದೆ. ಚೆಕ್ ದೇಶದವರು ಅವರ ಆರುನೂರು ವರ್ಷ ಹಿಂದಿನ ಕಮ್ಮಾರನನ್ನು ಇಷ್ಟು ಗೌರವದಲ್ಲಿ ತೋರಿಸಿದ್ದಾರೆ. ಕರಾವಳಿಯ ಆಚಾರಿಗಳ ಮೇಲೆ, ಗೆರಟೆ ಮಸಿಯ (ತೆಂಗಿನ ಚಿಪ್ಪಿನ ಇದ್ದಲಿನ) ಬೆಂಕಿಯ ಮೇಲೆ ಯಾರಾದ್ರೂ ಒಂದು ಗೇಮ್ ಮಾಡಿದ್ರೆ ನಾನು ಮೊದಲ ದಿನವೇ ದುಡ್ಡು ಕೊಟ್ಟು ತೆಗೊಳ್ತೇನೆ.

ಕಂಪ್ಯೂಟರ್ ವಿಷಯ ಬೇಗ ಹೇಳಿ ಮುಗಿಸ್ತೇನೆ. ಕಮ್ಮಿಯಲ್ಲಿ 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1060ರ 6 ಜಿಬಿ ಗ್ರಾಫಿಕ್ಸ್ ಕಾರ್ಡ್, 100 ಜಿಬಿ ಜಾಗ, ಅದೂ ಎಸ್‌ಎಸ್‌ಡಿಯಲ್ಲಿ ಬೇಕು. ಹಳೆ ಕಾರ್ಡಲ್ಲಿ ಹಳ್ಳಿ, ಕಾಡು ಎಲ್ಲ ಚೆನ್ನಾಗಿ ಓಡ್ತದೆ, ಕುಟ್ಟೆನ್‌ಬರ್ಗ್ ಪೇಟೆಗೆ ಬಂದ ಮೇಲೆ ಸ್ವಲ್ಪ ಒದ್ದಾಡ್ತದೆ, ಸೆಟ್ಟಿಂಗ್ ಇಳಿಸ್ಬೇಕು. ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷ್ ಓದ್ಲಿಕ್ಕೆ ಬಂದ್ರೆ ಸಾಕು, ಆದ್ರೆ ಮಾತು ತುಂಬಾ ಉಂಟು, ತಾಳ್ಮೆ ಬೇಕು.

ನಮ್ಮ ಕಡೆಯವರು ಮುಖ್ಯವಾಗಿ ತಿಳ್ಕೊಳ್ಬೇಕಾದ್ದು ಸೇವ್ ಮಾಡುವ ಕ್ರಮ. ಈ ಗೇಮಲ್ಲಿ ಬೇಕಾದಾಗೆಲ್ಲ ಸೇವ್ ಮಾಡ್ಲಿಕ್ಕಾಗುದಿಲ್ಲ, ಸೇವಿಯರ್ ಶ್ನಾಪ್ಸ್ ಅಂತ ಒಂದು ಮದ್ಯ ಕುಡಿದ್ರೆ, ಅಥವಾ ನಿಮ್ಮದು ಅಂತ ಇರುವ ಹಾಸಿಗೆಯಲ್ಲಿ ಮಲಗಿದ್ರೆ, ಅಥವಾ ಗೇಮ್ ಬಿಟ್ಟು ಹೊರಗೆ ಬಂದ್ರೆ ಸೇವ್ ಆಗ್ತದೆ, ಕಥೆಯ ಮುಖ್ಯ ಜಾಗಗಳಲ್ಲಿ ತನ್ನಷ್ಟಕ್ಕೆ ಆಗ್ತದೆ. ಅಕ್ಟೋಬರ್ ನವೆಂಬರ್ ಸಂಜೆ ಹೊತ್ತು ಕಾಸರಗೋಡಿನ ಗುಡುಗು ಸಿಡಿಲು ಹೇಗೆ ಅಂತ ಹೇಳ್ಬೇಕಾ, ಆಕಾಶ ಗುಡುಗಿದ ಕೂಡ್ಲೇ ಪ್ಲಗ್ ಎಳಿಬೇಕು, ಇಲ್ಲದಿದ್ರೆ ಮೋಡೆಮ್ ಸಮೇತ ಎಲ್ಲ ಹೋಗ್ತದೆ. ಹಾಗಾಗಿ ಯುಪಿಎಸ್ ಇಲ್ಲದವರು ಮೂರು ನಾಲ್ಕು ಕತ್ತಿ ಮಾಡಿ ಆದ ಕೂಡ್ಲೇ ಮಲಗಿ ಸೇವ್ ಮಾಡಿ. ಶ್ನಾಪ್ಸನ್ನು ತುರಿಕೆ ಸೊಪ್ಪಿನ ಜಾತಿಯ ಒಂದು ಗಿಡ, ಬೆಲಡೋನಾ ಅನ್ನುವ ಇನ್ನೊಂದು ಗಿಡ ಹಾಕಿ ಸ್ವಂತ ಕಾಯಿಸ್ಲಿಕ್ಕೂ ಆಗ್ತದೆ, ಶುರುವಿನಲ್ಲೇ ಅದನ್ನು ಕಲಿತು ಒಂದಿಷ್ಟು ಮಾಡಿ ಇಟ್ಟುಕೊಳ್ಳುದು ಒಳ್ಳೆದು.

ಕಮ್ಮಾರಿಕೆ ಇನ್ನೂ ಬೇಕು ಅನ್ನುವವರಿಗೆ ಲೆಗಸಿ ಆಫ್ ದಿ ಫೋರ್ಜ್ ಅಂತ ಗೇಮಿನ ಒಂದು ಹೆಚ್ಚುವರಿ ಭಾಗ, ಅಂದ್ರೆ ಡಿಎಲ್‌ಸಿ 2025 ಸೆಪ್ಟೆಂಬರ್ 9ಕ್ಕೆ ಬಂತು. ಕುಟ್ಟೆನ್‌ಬರ್ಗಲ್ಲಿ ಬೆಂಕಿಗೆ ಸುಟ್ಟು ಹೋದ ಒಂದು ಹಳೆ ಕುಲುಮೆಯನ್ನು ಹೆನ್ರಿ ಪುನಃ ಕಟ್ಟುದು, ಅದಕ್ಕೂ ಅಪ್ಪ ಮಾರ್ಟಿನನಿಗೂ ಸಂಬಂಧ ಉಂಟು, ಹೆಚ್ಚು ಹೇಳುದಿಲ್ಲ. ಕಮ್ಮಾರರ ಸಂಘದವರ ಕೆಲಸಗಳು ಬರ್ತವೆ, ಮನೆ, ಕುಲುಮೆ ಎರಡನ್ನೂ ನಿಮಗೆ ಬೇಕಾದ ಹಾಗೆ ಸಿಂಗರಿಸ್ಬಹುದು. ಬಡಿಯುವ ಕ್ರಮ ಅದರಲ್ಲೂ ಹಳೆಯದ್ದೇ, ಹದದ ಹಂತ ಅಲ್ಲಿಯೂ ಸೇರಿಸ್ಲಿಲ್ಲ, ಆದ್ರೆ ಯಾರಿಗೋಸ್ಕರ ಮಾಡುದು, ಎಷ್ಟರೊಳಗೆ ಕೊಡ್ಬೇಕು ಅನ್ನುವ ಜವಾಬ್ದಾರಿ ಬಂದ ಕಾರಣ ಕೆಲಸಕ್ಕೆ ತೂಕ ಬಂದಿದೆ. ಸುರುವಿಗೇ ದುಡ್ಡು ಹಾಕ್ಬೇಡಿ, ಕಥೆಯಲ್ಲಿ ಕುಟ್ಟೆನ್‌ಬರ್ಗ್ ತಲುಪಿದ ಮೇಲೆ ಮಾತ್ರ ಅದು ಆಡ್ಲಿಕ್ಕೆ ಸಿಗುದು, ಅಲ್ಲಿಗೆ ಹೋಗುವಷ್ಟರಲ್ಲಿ ಸೇಲ್ ಬಂದ್ರೂ ಬರಬಹುದು.